ಲಾಳಗಾರನ ಸಂಬಳದ ಪುಸ್ತಕ

ಬೀಟ್‌ಗೆಡ್ಡೆಯ ಕಾಕಂಬಿ ತುಂಬಿಡುತ್ತಿದ್ದ ಡಬ್ಬಿ,
ಅಪ್ಪ ತೀರಿದ ಮೇಲೆ ನನಗೆ ಬಂದದ್ದು.
ಮುಚ್ಚಳ ಈಗಲೂ ಅಂಟು ಅಂಟು.
ಒಳಗೆ ಅಜ್ಜ:
ಎವಾಲ್ಟ್ ಬ್ರಿಂಕ್‌ಶುಲ್ಟ, ಕುದುರೆಗೆ ಲಾಳ ಕಟ್ಟುವವ,
ಲಿಪ್‌ಸ್ಟಾಟ್ ಪಕ್ಕದ ಹಳ್ಳಿ, ಕ್ಯಾಥೊಲಿಕ್,
ಬೂಟು ನಲವತ್ತಮೂರು, ವಿಷಗಾಳಿಯ ಮುಖವಾಡ ಎರಡನೇ ಅಳತೆ,
ಟೈಫಾಯ್ಡ್ ಚುಚ್ಚುಮದ್ದು ಮೂರು ಸಲ, ಕಾಲರಾ ಎರಡು,
ಹೇನು ತೆಗೆಸಿಕೊಂಡದ್ದಕ್ಕೆ ಒಂದು ಸರ್ಟಿಫಿಕೇಟು,
ಸೀಲು ಸಹಿತ.

ಮೂವತ್ತೊಂದು ವರ್ಷ ತೆರಿಗೆ ಕಚೇರಿಯಲ್ಲಿ ಕೂತವನು ನಾನು.
ಜನರ ಮಾತು ನಂಬಿ ಗೊತ್ತಿಲ್ಲ, ಕಾಗದ ಓದಿ ಗೊತ್ತು.
ತುಂಬಿದ ಕಾಲಮ್ಮಿಗಿಂತ ಖಾಲಿಯದರ ಮೇಲೇ ಕಣ್ಣು.
ಹಾಗೇ ಅಡುಗೆಮನೆಯ ಮೇಜಿನ ಮೇಲೆ ಅಜ್ಜನನ್ನು ಹರಡಿಕೊಂಡೆ
ತಾರೀಖಿನ ಪ್ರಕಾರ.

ಮೂವತ್ತೊಂಬತ್ತು: ಬೂಟು ಒಂದು ಜೊತೆ, ಕಂಬಳಿ ಎರಡು.
ನಲವತ್ತು: ಫ್ರಾನ್ಸ್. ಹಲ್ಲು ಕೀಳಿಸಿದ್ದು, ಕೆಳದವಡೆ, ಎಡಕ್ಕೆ.
ನಲವತ್ತೊಂದರ ಜೂನ್: ಪೂರ್ವಕ್ಕೆ,
ಮುನ್ನೂರು ಕುದುರೆಗಳ ಹಿಂದೆ, ತುಟಿಯಲ್ಲಿ ಮೊಳೆ ಕಚ್ಚಿಕೊಂಡು.
ಶರತ್ಕಾಲದಲ್ಲಿ ಹದಿನಾರು ದಿನ
ಏನೂ ಇಲ್ಲ.
ಆಮೇಲೆ, ಬೇರೆ ಕೈಬರಹದಲ್ಲಿ:
ಅಂಗೈ ಬೊಬ್ಬೆ, ಎರಡು ದಿನ ವಿಶ್ರಾಂತಿ.

ಹನ್ನೆರಡನೇ ವಯಸ್ಸಿಂದ ಸುತ್ತಿಗೆ ಹಿಡಿದ ಕೈಗೆ
ಬೊಬ್ಬೆ.

ಪತ್ರಗಳು ಇಪ್ಪತ್ತಮೂರು. ಊರ ಹೆಸರಿಲ್ಲ, ಅಂಚೆಯ ನಂಬರು ಮಾತ್ರ.
ಹಳೇ ಲಿಪಿ; ನನಗದು ಮುಳ್ಳುಬೇಲಿ.
ಮೇಲಿನ ಮಹಡಿಯ ಓರ್ಟ್ರೂಡ್, ತೊಂಬತ್ತಮೂರರ ಮುದುಕಿ,
ಈ ಅಕ್ಷರವನ್ನು ಸ್ಲೇಟಿನ ಮೇಲೆ ತಿದ್ದಿದವಳು,
ಭೂತಗನ್ನಡಿ ಬೇಡವೆಂದಳು. ಸಂತೆಯಿಂದ ಬಂದವಳ ಹಾಗೆ ಓದಿದಳು:
"ಪ್ರೀತಿಯ ಥೆಕ್ಲಾ, ಇಲ್ಲಿ ಕೆಸರು ಮೊಣಕಾಲಿಗೆ.
ಲೀಸೆ ಎಂಬ ಹೆಣ್ಣುಕುದುರೆ ನನ್ನ ಜೇಬು ಮೂಸುತ್ತದೆ.
ಹಂದಿ ಕೊಯ್ದಿರಾ? ಅಲ್ವಿನ್‌ಗೆ ಕೆಮ್ಮು ಹೋಯಿತೆ?"
ಹದಿನಾಲ್ಕನೆಯದರ ನಡುವೆ ನಿಂತಳು.
"ಇಲ್ಲಿ ಶಾಯಿ ಮಾಸಿದೆ," ಅಂದಳು.
ಮುಂದಿನ ಪ್ಯಾರಾದಿಂದ ಮತ್ತೆ ಶುರು,
ಆಲೂಗಡ್ಡೆ, ಹವೆ, ಮುತ್ತುಗಳು.

ಶಾಯಿ ಮಾಸಿರಲಿಲ್ಲ.
ನಾನು ಕುರುಡನಲ್ಲ, ಅನಕ್ಷರಸ್ಥ ಅಷ್ಟೆ.

ಆ ಚಳಿಗಾಲ ಕಾಪಿಪುಸ್ತಕ ತಂದೆ.
ಅರವತ್ತೊಂದರಲ್ಲಿ ಅಕ್ಷರಾಭ್ಯಾಸ.
ಆ ಲಿಪಿಯಲ್ಲಿ 'ಎನ್' ನೋಡಲು 'ಯು' ಥರ,
ನೆತ್ತಿಯ ಮೇಲೊಂದು ಕೊಕ್ಕೆ ಇದ್ದರೆ ಯು, ಇಲ್ಲದಿದ್ದರೆ ಎನ್;
ಅವಸರದಲ್ಲಿ ಬರೆದವನು ಕೊಕ್ಕೆ ಎಲ್ಲೋ ಬೀಳಿಸಿರುತ್ತಾನೆ.
ಫೆಬ್ರವರಿಯ ಒಂದು ಸಂಜೆ ಆ ಸಾಲುಗಳು ಬಾಯಿಬಿಟ್ಟವು:

"ಈ ವಾರ ಕುದುರೆಗಳ ಕೆಲಸವಿಲ್ಲ. ಸಲಿಕೆ ಕೊಟ್ಟರು.
ಇಟ್ಟಿಗೆಗೂಡಿನ ಹಿಂದೆ ಗುಂಡಿ ತೋಡಿದೆವು, ಉದ್ದನೆಯದು.
ಆಮೇಲೆ ಬಟ್ಟೆಯ ರಾಶಿ ಹಂಚಿದರು.
ಹುಡುಗನಿಗೊಂದು ಕೋಟು ಕಳಿಸಿದ್ದೇನೆ.
ತೋಳು ಉದ್ದವಾದೀತು, ಮಡಚಿ ಹೊಲಿ.
ಗುಂಡಿಗಳು ಗಟ್ಟಿ ಇವೆ."

ಪಡಸಾಲೆಯ ಗೋಡೆಯಲ್ಲಿ ಅಪ್ಪನ ಫೋಟೊ, ಆರು ವರ್ಷ,
ಹಿಮದಲ್ಲಿ ನಿಂತಿದ್ದಾನೆ. ಮಡಚಿದ ತೋಳು,
ಎದೆಯ ಮೇಲೆ ಎರಡು ಸಾಲು ಗುಂಡಿ.
ದಿನಾ ಅದರ ಕೆಳಗೇ ನಾನು ಬೂಟು ಬಿಚ್ಚುವುದು.
ಕೆಮ್ಮು ಹೋಗಿತ್ತು ಅನಿಸುತ್ತದೆ, ಕೆನ್ನೆ ತುಂಬಿವೆ.

ಡಬ್ಬಿಯ ತಳದಲ್ಲಿ ನಲವತ್ತಾರರ ಬಿಡುಗಡೆ ಚೀಟಿ:
ಆರೋಗ್ಯ ಸಾಧಾರಣ. ವೃತ್ತಿ ಕಮ್ಮಾರ. ಕ್ರಿಮಿನಾಶಕ ಸಿಂಪಡಿಸಿದೆ.
ನನಗೆ ಎಂಟಾಗುವವರೆಗೂ ಅಜ್ಜ ಇದ್ದ.
ಕಾಫಿಯನ್ನು ಸಾಸರಿಗೆ ಬಗ್ಗಿಸಿ ಊದುತ್ತಿದ್ದ,
ಸೇಬು ಕೊಯ್ದರೆ ದೊಡ್ಡ ಹೋಳು ನನಗೆ.
ಇದನ್ನೂ ಎಲ್ಲಾದರೂ ನಮೂದಿಸಬೇಕು,
ಯಾವ ಕಾಲಮ್ಮೆಂದು ತಿಳಿಯದು.

ಶನಿವಾರ ಓರ್ಟ್ರೂಡ್ ಸಾಮಾನಿನ ಚೀಟಿ ಹಿಡಿದು
ಮೆಟ್ಟಿಲಿಳಿದು ಬರುತ್ತಾಳೆ, ಅದೇ ಹಳೇ ಲಿಪಿ,
ಬಾಗಿಲಲ್ಲಿ ನಿಂತು ನನಗೆ ಓದಿ ಹೇಳುತ್ತಾಳೆ:
ಹಾಲು, ರೈ ಬ್ರೆಡ್ಡು, ಬೆಂಕಿಪೊಟ್ಟಣ.
ನಾನು ಕೇಳಿಸಿಕೊಳ್ಳುತ್ತೇನೆ
ಓದಲು ಬಾರದವನ ಹಾಗೆ.