ಅತಿಮಧುರ

ಸಂತೇಪೇಟೆಯ ನಮ್ಮ ಗ್ರಂಧಿಗೆ ಅಂಗಡಿಗೆ
ಬಾಗಿಲು ನಾಲ್ಕಡಿ, ಒಳಗೆ ಇನ್ನೂರ ಹನ್ನೊಂದು ಡಬ್ಬಿ.
ಚೀಟಿ ಅಂಟಿಸಿಲ್ಲ ಯಾವುದಕ್ಕೂ.
ಕಣ್ಣು ಕಟ್ಟಿ ಕೂರಿಸಿ, ಮೂಗಿನಲ್ಲೇ ಓದುತ್ತೇನೆ:
ಇದು ಹಿಪ್ಪಲಿ, ಇದು ಮೋಡಿ, ಇದು ಬಜೆ,
ಇದು ಹೋದ ವರ್ಷದ ಜೀರಿಗೆ, ಇದು ಮೊನ್ನೆಯದು.

ಎದುರಿಗೆ ತಬಸ್ಸುಮಳ ಮೆಡಿಕಲ್ಸು.
ತಿಂಗಳ ಎರಡನೇ ತಾರೀಕು ಶಟರು ಅರ್ಧ ಎಳೆದು
ರಸ್ತೆ ದಾಟುತ್ತೇನೆ, ಕಳ್ಳನ ಹಾಗೆ.
ಊರಿಗೆಲ್ಲ ಬೇರು ನಾರು ತೂಗುವ ಶೆಟ್ಟಿ
ಬಿಪಿಗೆ ಮಾತ್ರೆ ನುಂಗುತ್ತಾನೆಂದು
ಗಿರಾಕಿಗೆ ಗೊತ್ತಾಗಬಾರದಲ್ಲ.
ಎನಾಲಪ್ರಿಲ್ ಎಂಬ ಹೆಸರು ನಾಲಿಗೆಗೆ ಹತ್ತದೆ
"ಏಪ್ರಿಲ್ ಮಾತ್ರೆ ಕೊಡಮ್ಮ" ಅನ್ನುತ್ತೇನೆ.
ನವೆಂಬರಿನಲ್ಲೂ.

ಮಾತ್ರೆ ಹಿಡಿದ ತಿಂಗಳಿಗೇ ಕೆಮ್ಮು ಹಿಡಿಯಿತು.
ಕಫವಿಲ್ಲ, ಜ್ವರವಿಲ್ಲ,
ಗಂಟಲಲ್ಲಿ ಮೆಣಸಿನಕಾಯಿ ತೊಟ್ಟು ಸಿಕ್ಕಿಕೊಂಡಂತೆ.
ಮೂಟೆಯ ಧೂಳೇ ಇರಬೇಕು ಅಂದುಕೊಂಡೆ.
ಒಣಕೆಮ್ಮಿಗೆ ನನ್ನ ಹತ್ತಿರ ಇಲ್ಲದ ಮದ್ದೇ?
ಎಡಗೈ ಚಾಚಿದರೆ ಮೂರನೇ ಸಾಲು,
ಅತಿಮಧುರ.
ಬೇರಿನ ತುಂಡು ದವಡೆಗೆ, ನಾರು ನಾರಾಗುವ ತನಕ,
ಮಲಗುವ ಮುಂಚೆ ಅದರದೇ ಕಷಾಯ, ಲೋಟ ತುಂಬ.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಹುಬ್ಬೇರಿಸಿದರು.
ನೂರ ಎಪ್ಪತ್ತು.
ಉಪ್ಪಿನಕಾಯಿ ಬಿಡಿ ಅಂದರು. ಬಿಟ್ಟೆ.
ಮಾತ್ರೆ ಐದಿದ್ದದ್ದು ಹತ್ತಾಯಿತು,
ಕೆಮ್ಮು ಬಿಡಲಿಲ್ಲ, ಬೇರು ಒಂದಿದ್ದದ್ದು ಮೂರಾಯಿತು,
ಮಾತ್ರೆ ಇಪ್ಪತ್ತಾಯಿತು.
ರುಕ್ಮಾಂಬ ಹುಳಿಗೆ ಉಪ್ಪು ಹಾಕುವುದನ್ನೇ ಮರೆತಳು.
ಅವ್ವನ ಕಾಲಕ್ಕೆ ಹೊಸ್ತಿಲು ದಾಟದಿದ್ದ ಬೆಳ್ಳುಳ್ಳಿ
ಸೆರಗಿನ ಮರೆಯಲ್ಲಿ ಅಡುಗೆಮನೆಗೆ ಬಂತು,
ಯಾರೋ ಹೇಳಿದರಂತೆ, ರಕ್ತ ತಿಳಿ ಮಾಡುತ್ತದಂತೆ.

ಒಂದು ಸಂಜೆ ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದವಳು
ಕತ್ತರಿ ನಿಲ್ಲಿಸಿದಳು.
"ಶೆಟ್ಟರೇ, ಈ ಕೆಮ್ಮು ಎಷ್ಟು ದಿನದ್ದು? ಬಾಯಲ್ಲಿ ಏನದು?"
ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ.
ಅವಳು ನಗಲಿಲ್ಲ.
"ಈ ಮಾತ್ರೆ ಕೆಲವರಿಗೆ ಕೆಮ್ಮು ತರುತ್ತೆ.
ಆ ಬೇರು ಬಿಪಿ ಏರಿಸುತ್ತೆ.
ಕೆಮ್ಮಿಗೆ ಬೇರು ತಿಂತಿದ್ದೀರ, ಬೇರಿಗೆ ಮಾತ್ರೆ ತಿಂತಿದ್ದೀರ.
ಅದನ್ನು ಉಗೀರಿ ಮೊದಲು.
ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ,
ನಾಳೆನೇ ಹೋಗಿ ಡಾಕ್ಟರಿಗೆ ಎಲ್ಲ ಹೇಳಿ."

ಸಿಟ್ಟು ಬಂತು. ಮೂರು ತಲೆಮಾರಿನ ತಕ್ಕಡಿ ನಮ್ಮದು.
ಜಗಳಕ್ಕೆಂದೇ ಕೇಳಿದೆ: ಅರಿಶಿನವೂ ಬೇಡವೋ?
"ಸಾರಿಗೆ ಹಾಕ್ಕೊಳ್ಳಿ."
ಮೆಣಸು?
"ಪೊಂಗಲ್‌ಗೆ ಎಷ್ಟೋ ಅಷ್ಟು."
ಬೆಳ್ಳುಳ್ಳಿ?
"ಚಟ್ನಿಗಾದರೆ ಸರಿ. ಅಡುಗೆಮನೆಯ ಚಿಟಿಕೆ ಬೇರೆ,
ನೀವು ತೂಗಿ ಕಟ್ಟಿಕೊಡೋ ಪೊಟ್ಟಣ ಬೇರೆ."
ತಕ್ಕಡಿಯವನಿಗೆ ಅಳತೆ ಹೇಳಿಕೊಟ್ಟಳು,
ನನ್ನ ಮಗಳಿಗಿಂತ ಚಿಕ್ಕವಳು.

ಉಗಿಯಲಿಲ್ಲ ಅಲ್ಲಿ. ರಸ್ತೆ ದಾಟಿ ಬಂದು ಉಗಿದೆ.
ಡಬ್ಬಿ ಇಳಿಸಿ ಮೂಸಿದೆ ಬಹಳ ಹೊತ್ತು.
ಹೆಸರಲ್ಲೇ ಇತ್ತಲ್ಲ, ಅತಿ.
ಐವತ್ತು ವರ್ಷ ಬರೀ ಮಧುರ ಓದಿದ್ದೆ.

ಡಾಕ್ಟರು ಮಾತ್ರೆ ಬದಲಿಸಿದರು,
ಇದಕ್ಕೆ ಯಾವ ತಿಂಗಳ ಹೆಸರೂ ಇಲ್ಲ.
ಕೆಮ್ಮು ಹೋಗಲು ಇಪ್ಪತ್ತು ದಿನ ಹಿಡಿಯಿತು.
ಹೋದ ರಾತ್ರಿ ರುಕ್ಮಾಂಬ ದಡಕ್ಕನೆ ಎದ್ದು ದೀಪ ಹಾಕಿ
ನನ್ನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು.
"ಏನೇ?"
"ಏನಿಲ್ಲ. ಕೆಮ್ಮಲಿಲ್ಲ ನೀವು."
ಬೆರಳಲ್ಲಿ ಇನ್ನೂ ಬೆಳ್ಳುಳ್ಳಿ ವಾಸನೆ.

ಈಗ ಆ ಬೇರು ಕೇಳಿದವರಿಗೆಲ್ಲ ನಾನೊಂದು ಕೇಳುತ್ತೇನೆ.
ಕೆಲವರು ರೇಗುತ್ತಾರೆ:
ಅಂಗಡಿ ಇಟ್ಟಿದ್ದೀರೋ, ಜನಗಣತಿಗೆ ಬಂದಿದ್ದೀರೋ?

ಮೊನ್ನೆ ತಬಸ್ಸುಮಳೇ ದಾಟಿ ಬಂದಳು, ದನಿ ಕೂತುಹೋಗಿತ್ತು.
"ಗಂಟಲಿಗೆ ಹತ್ತು ರೂಪಾಯಿದು ಕೊಡಿ, ಶೆಟ್ಟರೇ."
ಬಿಪಿ ನೋಡಿಸಿದ್ದೀಯೇನಮ್ಮ, ಅಂದೆ.
ನಕ್ಕಳು, ನಕ್ಕರೆ ಕೆಮ್ಮಿದಳು.
ತಟ್ಟೆಗೆ ಹಾಕಿದ ಬೇರಿನಲ್ಲಿ ಎರಡು ತುಂಡು
ಅವಳು ನೋಡದಾಗ ಡಬ್ಬಿಗೇ ಹಾಕಿದೆ.
ಬೇಕೆಂದೇ ತೂಕದಲ್ಲಿ ಮೋಸ ಮಾಡಿದ್ದು
ನಮ್ಮ ಅಂಗಡಿಯಲ್ಲಿ ಅದೇ ಮೊದಲು.