ನಾಮಿನಿ

ರಾತ್ರಿ ಹತ್ತಕ್ಕೆ, ಡೊಂಬಿವಲಿಯ ನಮ್ಮ ಮನೆಯಲ್ಲಿ
ಒರೆಸಿದ ಊಟದ ಮೇಜು ಆರುವ ಮೊದಲೇ
ಇವರು ಮೂರು ಕಾಗದ ಹರಡಿದರು:
ಬೆಳ್ಳಿ, ಬಂಗಾರ, ಪ್ಲಾಟಿನಂ.
ನನ್ನ ಕರಿಮಣಿ ಆರಿಸುವಾಗಲೂ
ಇಷ್ಟು ಹೊತ್ತು ಕೂತಿರಲಿಲ್ಲ ಈ ಮನುಷ್ಯ.

ವಿಯೆಟ್ನಾಂಗೆ ಐದು ರಾತ್ರಿ, ಆರು ಹಗಲು.
ನಾವಿಬ್ಬರು, ಮಕ್ಕಳಿಬ್ಬರು, ಅತ್ತೆ.
ಪೆಟ್ಟಿಗೆ ಹನ್ನೆರಡು ತಾಸು ತಡವಾದರೆ ಇಷ್ಟು,
ಬಾರದೇ ಹೋದರೆ ಇಷ್ಟು;
ಒಂದು ಕಣ್ಣಿಗೆ ಅರ್ಧ, ಎರಡಕ್ಕೆ ಪೂರ್ತಿ,
ಕಿರುಬೆರಳಿಗಿಂತ ಹೆಬ್ಬೆರಳಿಗೆ ರೇಟು ಜಾಸ್ತಿ.
"ಮೂಗಿಗೆ?" ಕೇಳಿದ ಸಣ್ಣವನು.
ಹುಡುಕಿದೆವು. ಮೂಗಿಗೆ ಏನೂ ಇರಲಿಲ್ಲ.
"ಮೂಗು ಕೊಯ್ಸಿಕೊಂಡರೆ ಯಾವ ಕಂಪನಿಯೂ ಕಟ್ಟಿಕೊಡುವುದಿಲ್ಲ"
ಅಂದರು ಅತ್ತೆ.

ಮೊದಲೇ ಇರುವ ಕಾಯಿಲೆಗಳು ಎಂಬಲ್ಲಿ ಪೆನ್ನು ನಿಂತಿತು.
ಎಲ್ಲರೂ ಅವರ ಕಡೆಗೇ ನೋಡಿದೆವು.
"ನನಗೆಂಥ ಕಾಯಿಲೆ ಮಾರಾಯ,
ಸ್ವಲ್ಪ ಸಕ್ಕರೆ. ಅದೂ ಬೆಳಿಗ್ಗೆ ಮಾತ್ರ."
ಬರೆದರೆ ಪ್ರೀಮಿಯಂ ಎರಡೂವರೆ ಪಟ್ಟು,
ಬರೆಯದಿದ್ದರೆ ಬೇಕಾದ ಹೊತ್ತಿಗೆ ಬಿಡಿಗಾಸಿಲ್ಲ.
ಇವರು ಬರೆದರು.
ಅತ್ತೆ ಎದ್ದು ಅಡುಗೆಮನೆಗೆ ಹೋಗಿ
ಎಲ್ಲರಿಗೂ ಕೇಳುವಂತೆ ಡಬ್ಬಿ ತೆರೆದು
ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರು.

ಇನ್ನೊಂದು ಕಲಮು: ಅಲ್ಲೇ ತೀರಿಕೊಂಡರೆ
ಶರೀರವನ್ನು ಊರಿಗೆ ಮುಟ್ಟಿಸುವ ಖರ್ಚು.
"ಯಾವ ಊರಿಗೆ?" ಒಳಗಿನಿಂದ ದನಿ, ಬೆಲ್ಲದ ಸಮೇತ.
ಮೂವತ್ತೆಂಟು ವರ್ಷ ಇಲ್ಲಿನ ನಲ್ಲಿಯ ನೀರು ಕುಡಿದರೂ
ಅವರ ಬಾಯಲ್ಲಿ ಊರೆಂದರೆ ಕಾಪು.
ಏಜೆಂಟ ಪಾಟಣಕರನಿಗೆ ಫೋನು ಹೋಯಿತು.
ಆಕಳಿಸುತ್ತ ಹೇಳಿದ:
ಆಧಾರಿನಲ್ಲಿ ಯಾವುದಿದೆಯೋ ಅದೇ ಊರು.

ಕೊನೆಯ ಪುಟದ ಕೊನೆಗೆ ಖಾಲಿ ಗೆರೆ.
ನಾಮಿನಿ.
ನಾನು ಇವರ ಹೆಸರು ಹೇಳಿದೆ, ಇವರು ನನ್ನದು.
ಆಮೇಲೆ ಇಬ್ಬರೂ ಸುಮ್ಮನಾದೆವು.
ಒಂದೇ ವಿಮಾನ, ಒಂದೇ ಸಾಲು, ಐದು ಸೀಟು.
ಹಾಗಾದರೆ ಹಿಂದೆ ಉಳಿಯುವವರು ಯಾರು?
ಕೆಳಗಿನ ಮನೆಯ ಸಾಠೇಬಾಯಿ
ತುಳಸಿಗೆ ನೀರು ಹಾಕಲು ಒಪ್ಪಿದ್ದಾರೆ, ಅಷ್ಟೆ.
ಇವರ ಕಡೆಯಿಂದ ಯಾರೂ ಇಲ್ಲ.
ನನ್ನ ಕಡೆಯಿಂದ,
ಗುಲಾಬಿಯಕ್ಕ.

ಅಮ್ಮ ಹೋದ ಮೇಲೆ ಕುರ್ಲಾದ ಖೋಲಿ ಮಾರಿದೆವು.
ಆ ಪಾಲಿನ ಲೆಕ್ಕದಲ್ಲಿ ಮಾತು ನಿಂತು ಏಳು ವರ್ಷ.
ನಾಲಾಸೋಪಾರ ನಮಗೆ ವಿಯೆಟ್ನಾಂಗಿಂತ ದೂರ.

ಹೆಸರು ಬರೆದೆ. ಸಂಬಂಧ: ಅಕ್ಕ.
ಹುಟ್ಟಿದ ದಿನಾಂಕ ಎಂಬಲ್ಲಿ ಕೈ ನಿಂತಿತು.
ನನ್ನ ಜಡೆ ಹೆಣೆದವಳು,
ನನ್ನ ಫೀಸಿಗೆ ಸೇರಿನ ಲೆಕ್ಕದಲ್ಲಿ ಹಪ್ಪಳ ಲಟ್ಟಿಸಿದವಳು;
ನನ್ನ ನಕ್ಷತ್ರ ಅವಳಿಗೆ ಗೊತ್ತು,
ಅವಳ ತಾರೀಖು ನನಗೆ ಗೊತ್ತಿಲ್ಲ.

ಮೂರನೆಯ ರಿಂಗಿಗೆ ಎತ್ತಿದಳು. ಹಲೋ ಅನ್ನಲಿಲ್ಲ.
"ಯಾರು ಹೋದದ್ದು?" ಅಂದಳು.
ಯಾರೂ ಇಲ್ಲ ಅಕ್ಕ. ಹೋಗುವವರಿದ್ದೇವೆ, ತಿರುಗಾಡಲಿಕ್ಕೆ.
ನಿನ್ನ ಹುಟ್ಟಿದ ತಾರೀಖು ಬೇಕಿತ್ತು.

ಅವಳ ಕಿಟಕಿಯಾಚೆ ಒಂದು ಲೋಕಲ್
ಹನ್ನೆರಡೂ ಡಬ್ಬಿ ಹಾದುಹೋಗುವಷ್ಟು ಹೊತ್ತು.
"ಯಾವುದು? ಶಾಲೆಯದಾ, ಅಮ್ಮನದಾ?"

ಶಾಲೆಯದು ಜೂನ್ ಒಂದು.
ಅಮ್ಮನದು, ಆಟಿ ಅಮಾವಾಸ್ಯೆಗೆ ಮೂರು ದಿನ ಇರುವಾಗ,
ಮಿಲ್ಲಿನ ಭೋಂಗಾ ಯಾಕೋ ಎರಡು ಸಲ ಕೂಗಿದ ರಾತ್ರಿ.
ಕಂಪನಿಗೆ ಶಾಲೆಯದು ಸಾಕಾಯಿತು.
ಇನ್ನೊಂದನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ.

"ಅಂದರೆ ನೀವು ಬಾರದಿದ್ದರೆ ನನಗೆ ದುಡ್ಡು?"
ಹೌದು.
"ಚೆಂದ ಉಂಟು ನಿನ್ನ ಲೆಕ್ಕ" ಅಂದಳು.
ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ.

ವಿಳಾಸವೂ ಬೇಕಿತ್ತು, ಹೇಳಿದಳು, ನಿಧಾನವಾಗಿ,
ಪಿನ್ ಕೋಡನ್ನು ಎರಡು ಸಲ.
ನಾಲ್ಕನೆಯ ಮಾಳಿಗೆ.
ಲಿಫ್ಟು ಕೆಟ್ಟಿದೆ, ನಿನ್ನ ಅತ್ತೆಗೆ ಮೆಟ್ಟಿಲು ಹತ್ತಲಿಕ್ಕಾಗುತ್ತದೋ ಏನೋ,
ಅಂತಲೂ ಅಂದಳು.

ಅದನ್ನು ಬರೆಯಲು
ಫಾರ್ಮಿನಲ್ಲಿ ಜಾಗ ಇರಲಿಲ್ಲ.