ಮೂರನೆಯ ಸೀಸೆ

ಗಂಡಸು ಕಾಲಿಟ್ಟರೆ ಕೊಳ ಬಂಜೆಯಾಗುತ್ತದಂತೆ.
ಹಾಗಾಗಿ ನಾನು ದಡದಲ್ಲೇ ನಿಂತೆ, ಬೂಟು ಹಾಕಿಕೊಂಡು,
ಆರು ಖಾಲಿ ಸೀಸೆಗಳ ಬುಟ್ಟಿ ಹಿಡಿದು.
ಚಾಡ್ ಸರೋವರದಾಚೆಯ ಕಾನೆಮ್ ಮರಳು.
ಇನ್ನೂ ಕೋಳಿ ಕೂಗಿರಲಿಲ್ಲ.

ಹೆಂಗಸರು ಸಾಲಾಗಿ ಇಳಿದರು.
ಯಾಕಾಕಾ ಸೋರೆಬುರುಡೆಯಲ್ಲಿ
ಹಸಿರನ್ನು ಕೆನೆಯಂತೆ ಸವರಿ ತೆಗೆದು
ಮರಳಲ್ಲಿ ತೋಡಿದ ಗುಂಡಿಗೆ ಸುರಿದು
ಅಂಗೈಯಿಂದ ನಯ ಮಾಡಿದಳು.
ನೀರು ಮರಳಿಗೆ, ಪಾಚಿ ಮನೆಗೆ.

‘ಇದರಲ್ಲಿ ಅರ್ಧಕ್ಕರ್ಧ ಪ್ರೋಟೀನು’ ಎಂದೆ.
‘ನನ್ನ ಏಳು ಮಕ್ಕಳನ್ನು ನೋಡು’ ಎಂದಳು.

ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡಳು.
‘ಕಚ್ಚುತ್ತದೆ. ಕಚ್ಚುವ ನೀರಲ್ಲಿ ಕೆಟ್ಟದ್ದು ಬಾಳದು.’
ನನ್ನ ಕಾಗದದ ಪಟ್ಟಿಯನ್ನೂ ಅವಳೇ ಅದ್ದಿಕೊಟ್ಟಳು.
ನೀಲಿ. ಚೌಳು, ಹತ್ತು.
ನಾನು ಬರೆದುಕೊಂಡೆ.

ಎನ್‌ಜಮೇನಾದಲ್ಲಿ ಕರೆಂಟು ಹೋಗಿ, ಬಂದು, ಹೋಗಿ
ನಲವತ್ತನೆಯ ದಿನಕ್ಕೆ ಫಲಿತಾಂಶ:
ಐದು ಸೀಸೆ ಚೊಕ್ಕ.
ಮೂರನೆಯದರಲ್ಲಿ ಬೇರೊಂದು ಪಾಚಿ, ಅದರ ವಿಷ.
ಕುದಿಸಿದರೂ ಹೋಗದ್ದು,
ಯಕೃತ್ತಿನಲ್ಲಿ ಹೋಗಿ ಕೂರುವಂಥದ್ದು.
ನಲವತ್ತು ದಿನ!
ಅಷ್ಟರಲ್ಲಿ ಆ ಒಣ ಬಿಲ್ಲೆಗಳು ಬೋಲ್ ಸಂತೆ ದಾಟಿ
ಯಾರ ಮನೆಯ ಬೆಂಡೆಕಾಯಿ ಸಾರಿನಲ್ಲೋ,
ಹಲ್ಲು ಮೂಡದ ಯಾವ ಬಾಯಲ್ಲೋ.

ಫೋನು ಮಾಡಿದೆ. ಒಂದೇ ಉಸಿರಿಗೆ ಹೇಳಿದೆ.
ಆ ಕಡೆ ಮೇಕೆಯೊಂದು ಕೆಮ್ಮಿತು.
‘ಮೂರನೆಯದು ಮೂಲೆಯ ಮಡುವಿಂದು.
ಮಳೆ ಬಿದ್ದು ನೀರು ಸಪ್ಪೆಯಾಗಿತ್ತು,
ನಾವು ಯಾರೂ ಮುಟ್ಟಲಿಲ್ಲ.
ಅಲ್ಲಿಯದೂ ಬೇಕೆಂದೆ, ತುಂಬಿಕೊಟ್ಟೆ.
ಅದು ತಿನ್ನುವುದಲ್ಲ ಅಂತಲೂ ಹೇಳಿದ್ದೆ.
ನೀನು ಬರೆಯುತ್ತಿದ್ದೆ.’

ನನ್ನ ಪುಸ್ತಕ ತೆರೆದೆ. ‘೩. ಮೂಲೆ.’
ಅಷ್ಟೇ ಇತ್ತು.

ಏನಾದರೂ ಹೇಳಬೇಕಲ್ಲ, ಹೇಳಿದೆ:
‘ಸೀಸದ ಪರೀಕ್ಷೆ ಇನ್ನೂ ಆಗಿಲ್ಲ, ಯಂತ್ರ ಕೆಟ್ಟಿದೆ.’
‘ಸೀಸ ಹೇಗಿರುತ್ತದೆ ನಾಲಗೆಗೆ?’
‘ಗೊತ್ತೇ ಆಗುವುದಿಲ್ಲ. ವಾಸನೆಯೂ ಇಲ್ಲ.’

ಫೋನು ಕಟ್ಟಾಯಿತೇನೋ ಅಂದುಕೊಂಡೆ.
ಗಾಳಿ ಮಾತ್ರ ಕೇಳುತ್ತಿತ್ತು.

‘ನಾವು ಒಣಗಿಸುವ ಮರಳಿನ ಪಕ್ಕದಲ್ಲೇ’ ಎಂದಳು, ಮೆಲ್ಲಗೆ,
‘ನನ್ನ ಅಳಿಯ ಹಳೇ ಬ್ಯಾಟರಿ ಒಡೆಯುತ್ತಾನೆ.
ಎರಡು ವರ್ಷವಾಯಿತು.’

ಮತ್ತೆ ಗಾಳಿ.

‘ಬಾ. ಸೀಸೆ ತಗೊಂಡು ಬಾ.
ಆರು ಸಾಲದು.’